ದೆಹಲಿಯಿಂದ ಹೆಗ್ಗರಣೆಗೆ ಎಷ್ಟು ದೂರ

2003ರ ಡಿಸೆಂಬರ್ 12, ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಹೆಗ್ಗರಣೆಯ ಪರಿಮಳಾ ಹೆಗಡೆ ಸಿದ್ದಾಪುರ ಠಾಣೆಯ ಮೆಟ್ಟಿಲು ಹತ್ತಿದರು. ತೋಟದ ವೆನಿಲಾ ಬಳ್ಳಿಗಳನ್ನು ರಾತ್ರಿ ಯಾರೋ ಬೋಳಿಸಿಕೊಂಡು ಹೋಗಿದ್ದರು. ಒಂದು ಕೋಡೂ ಉಳಿದಿರಲಿಲ್ಲ. ಬೆಲೆ ಗಗನಕ್ಕೇರಿ, ವೆನಿಲಾ ಎಂದರೆ ಊರಿಗೆ ಊರೇ ಹುಚ್ಚೆದ್ದಿದ್ದ ವರ್ಷ ಅದು. ಕಾವಲಿನ ಜಟ್ಟಪ್ಪನ ಮೇಲೆ ಅವರಿಗೆ ಗುಮಾನಿ.

ಸಬ್ ಇನ್ಸ್‌ಪೆಕ್ಟರ್ ಅಂದಾನಪ್ಪ ಎಫ್‌ಐಆರ್ ದಾಖಲಿಸಿ, ಪಂಚನಾಮೆ ಮುಗಿಸಿ, ಶನಿವಾರ ಜಟ್ಟಪ್ಪನನ್ನು ಬಂಧಿಸಿದರು. "ಹೊಟ್ಟೆನೋವಾಗಿ ಮನಿಗೆ ಹೋಗಿ ಮಲಗಿದ್ದೆ ಸಾಯೇಬ್ರೆ, ನಾ ಮುಟ್ಟಲಿಲ್ಲ" ಎಂದು ಅವನು ಅತ್ತ. ಭಾನುವಾರ ಅವನನ್ನು ನ್ಯಾಯಾಧೀಶರೆದುರು ನಿಲ್ಲಿಸಬೇಕು, ಆಮೇಲೆ ಜೈಲೇ. ಆ ಅಳು ಕೇಳಿದ ಮೇಲೆ ಅಂದಾನಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ತಂದಿಟ್ಟ ಚಹಾ ಆರಿ ತಣ್ಣಗಾಯಿತು.

ಶುಕ್ರವಾರವೇ ಕೊಯ್ಲು ಎಂಬುದು ಹೊರಗಿನವರಲ್ಲಿ ಇಬ್ಬರಿಗೇ ಗೊತ್ತಿತ್ತು: ಜಟ್ಟಪ್ಪನಿಗೆ, ಮತ್ತು ಮಳೆಗಾಲ ಕಳೆದ ಮೇಲೆ ದೆಹಲಿಗೆ ಕೆಲಸಕ್ಕೆ ಹೋಗಿದ್ದ ಪರಿಮಳಾರ ಮೈದುನ ಶಶಾಂಕನಿಗೆ. ಶಶಾಂಕ ಗುರುವಾರ ಬೆಳಿಗ್ಗೆ ದೆಹಲಿಯ ಕಚೇರಿಯಿಂದ ಅತ್ತಿಗೆಗೆ ಫೋನು ಮಾಡಿದ್ದ, ಕಚೇರಿಯವರೂ ಹೌದೆಂದರು. ದೆಹಲಿಯೆಂದರೆ ಎರಡು ದಿನದ ರೈಲು. ಹಾಗಾಗಿ ಅವನನ್ನು ಲೆಕ್ಕದಿಂದಲೇ ಬಿಟ್ಟಿದ್ದರು.

ಶನಿವಾರ ಸಂಜೆ ಶಶಾಂಕ ಊರಿಗೆ ಬಂದ ಸುದ್ದಿ ತಿಳಿದು, ಹೇಳಿಕೆ ಪಡೆಯಲು ಅಂದಾನಪ್ಪ ಹೋದರು. ಶಶಾಂಕ ಎಲೆಯಡಿಕೆಯ ಕವಳದ ಸಂಚಿ ಬಿಚ್ಚಿ, ಇಡೀ ಅಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ ಒಡೆಯಲು ಹೆಣಗುತ್ತಿದ್ದ.

"ನಿನ್ನ ಅಡಕತ್ತರಿ ಎಂತಾತಾ? ಅದನ್ನ ಬಿಟ್ಟು ಬಚ್ಚಲಿಗೂ ಹೋದಂವ ಅಲ್ಲ!" ಎಂದು ಪರಿಮಳಾ ನಕ್ಕರು.

"ರೈಲಲ್ಲಿ ಎಲ್ಲೋ ಬಿದ್ದೋತು ಅತ್ಗೆ."

"ಸಂಚಿ ಐತಿ, ಸುಣ್ಣದ ಡಬ್ಬಿ ಐತಿ, ಕತ್ತರಿ ಒಂದೇ ಹೆಂಗ ಬಿತ್ತರಿ?" ಎಂದರು ಅಂದಾನಪ್ಪ. ಶಶಾಂಕ ಅಡಿಕೆಯನ್ನು ಸಂಚಿಗೆ ಹಾಕಿ ದೆಹಲಿಯ ಚಳಿಯ ಮಾತು ತೆಗೆದ.

ಅಂದಾನಪ್ಪ ಹಿಂದೆ ಬೆಳಗಾವಿ ವಿಮಾನ ನಿಲ್ದಾಣದ ಬಂದೋಬಸ್ತಿನಲ್ಲಿದ್ದವರು. ವಿಮಾನ ಹತ್ತುವವರ ಕೈಚೀಲದ ಚಾಕು, ಕತ್ತರಿಗಳನ್ನು ಅವರೇ ಕಸಿದಿಟ್ಟುಕೊಂಡಿದ್ದರು. ಠಾಣೆಗೆ ಮರಳಿದವರೇ ಶಿರಸಿಯಲ್ಲಿ ಪ್ರಯಾಣದ ಟಿಕೆಟ್ ಮಾಡಿಸಿಕೊಡುವ ಹುಡುಗಿ ಸಮೃದ್ಧಿಗೆ ಫೋನು ಹಚ್ಚಿದರು.

"ದೆಹಲಿಯಿಂದ ಗೋವಾಕ್ಕ ವಿಮಾನದಾಗ ಎಷ್ಟು ತಾಸು, ತಂಗಿ?"

"ಹತ್ತಿರ ಹತ್ತಿರ ಹದಿನೈದು ನೂರು ಕಿಲೋಮೀಟರ್ ಸರ್. ಎರಡೂವರೆ ತಾಸು ಸಾಕು."

ಗೋವಾದಿಂದ ಕುಮಟಾ ಹಾದು ಬಂದರೆ ಕಾರಿನಲ್ಲಿ ಆರು ತಾಸು. ಬೆಳಿಗ್ಗೆ ದೆಹಲಿಯಲ್ಲಿದ್ದವನು ರಾತ್ರಿ ಹೆಗ್ಗರಣೆಯ ತೋಟದಲ್ಲಿರಬಹುದು! ಜನ್ಮದಲ್ಲಿ ವಿಮಾನ ಹತ್ತದ ತಾನು ರೈಲಿನ ಲೆಕ್ಕ ಹಾಕಿ ಕೂತೆನಲ್ಲ ಎಂದು ಅಂದಾನಪ್ಪನಿಗೆ ತಮ್ಮ ಮೇಲೇ ಸಿಟ್ಟು ಬಂತು. ಗೋವಾ ಪೊಲೀಸರಿಗೆ ತಿಳಿಸಿ ಕಾದರು. ಗುರುವಾರದ ವಿಮಾನದಲ್ಲಿ ಶಶಾಂಕ ಬಂದದ್ದು ಹೌದೆಂದು ಭಾನುವಾರ ಬೆಳಿಗ್ಗೆ ಉತ್ತರ ಬಂತು.

ಆಮೇಲೆ ಶಶಾಂಕ ವಾದಿಸಲಿಲ್ಲ. ಯಲ್ಲಾಪುರದ ಬಾಡಿಗೆ ಕೋಣೆಯನ್ನು ತಾನೇ ತೋರಿಸಿದ. ಹೆಡ್ ಕಾನ್‌ಸ್ಟೆಬಲ್ ಸತೀಶ ಬಾಗಿಲು ತೆರೆದರೆ ಕೋಣೆಯೆಲ್ಲ ವೆನಿಲಾ ಘಮ. ಹದ ಮಾಡಲು ಬಿಸಿನೀರಿನಲ್ಲಿ ಅದ್ದಿದ ಕೋಡುಗಳನ್ನು ಕಂಬಳಿಯಲ್ಲಿ ಸುತ್ತಿಟ್ಟಿದ್ದ. ಪಂಚರ ಸಮಕ್ಷಮ ಜಪ್ತಿ ಮಾಡಿ ಅವನನ್ನು ಬಂಧಿಸಿದರು.

"ಯಾರಿಗೆ ಮಾರಾಂವ ಇದ್ದಿ?" ಎಂದು ಅಂದಾನಪ್ಪ ಕೇಳಿದರು.

"ಮಾರೂಲೆ ಅಲ್ಲ ಸರ್. ವೆನಿಲಾ ಹೂವು ಒಂದೇ ಬೆಳಿಗ್ಗೆ ಅರಳ್ತು, ಕಡ್ಡಿ ಮುಟ್ಸಿ ಪರಾಗ ತಾಗ್ಸಿದ್ರೆ ಮಾತ್ರ ಕಾಯಿ ಕಚ್ತು. ಈ ಸಲದ ಒಂದೊಂದು ಹೂವಿಗೂ ಆನೇ ಕೈಯಾರೆ ಮುಟ್ಸಿದ್ದೆ. ಮಳೆಗಾಲದಲ್ಲಿ ಹಿಸ್ಸೆ ಆತು, ತೋಟ ಅಣ್ಣಂಗೆ ಹೋತು. ಕೊಯ್ಯೂದಾದ್ರೂ ಆನೇ ಕೊಯ್ಯವು ಹೇಳಿ ಮನಸ್ಸಾತು."

ಠಾಣೆಯಲ್ಲಿ ಜಟ್ಟಪ್ಪನನ್ನು ಹೊರಗೆ ಬಿಡುವ ಹೊತ್ತಿಗೇ ಶಶಾಂಕನನ್ನು ಒಳಗೆ ತಂದರು. ವಿಷಯ ಕೇಳಿ ಜಟ್ಟಪ್ಪ ಬಾಗಿಲಲ್ಲೇ ನಿಂತ.

"ನೀವು ಹೂವಿಗೆ ಕಡ್ಡಿ ಮುಟ್ಸೋ ಬೆಳಿಗ್ಗೆಯೆಲ್ಲ ಬಳ್ಳಿ ಬಗ್ಸಿ ಹಿಡ್ಕಂಡಿದ್ದವ ನಾನೇ ಅಲ್ಲನ್ರಾ, ಸಣ್ಣ ಹೆಗಡೇರೆ?"

ಅದುವರೆಗೆ ಒಣಗಣ್ಣಲ್ಲೇ ಉತ್ತರ ಕೊಟ್ಟಿದ್ದ ಶಶಾಂಕ ಅಲ್ಲೇ ಕುಕ್ಕರಿಸಿ ಕೂತು ಅತ್ತ.