ಕೆಂಪಾಗದ ದೀಪ

ಅವಳು ಅವನನ್ನು ಮೊದಲು ಕಂಡಾಗ ಎಲೆಕ್ಟ್ರಿಷಿಯನ್ ಎಂದುಕೊಂಡಳು. ಅವನು ಕುರ್ಚಿಯ ಮೇಲೆ ನಿಂತು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು, ಆಫೀಸಿನ ಗೋಡೆಗೆ ದೀಪ ಕೂರಿಸುತ್ತಿದ್ದ.

"ರೀ, ಸ್ವಲ್ಪ ಎಡಕ್ಕೆ. ಎಲ್ಲರಿಗೂ ಕಾಣ್ಬೇಕು. ಹಾಗೇ ಆ ಫ್ಯಾನೂ ನೋಡ್ಬಿಡಿ, ಕಿರ್ರ್ ಅಂತಿದೆ."

ಅವನು ಮರುಮಾತಿಲ್ಲದೆ ದೀಪ ಸರಿಸಿದ, ಫ್ಯಾನಿಗೆ ಎಣ್ಣೆ ಬಿಟ್ಟ, ಕೆಳಗಿಳಿದು ಕೈ ಒರೆಸಿಕೊಂಡ. "ಕೂಲಿ ಆಮೇಲೆ ಕೊಡಿ ಮೇಡಂ. ನಾನು ಇಲ್ಲಿ ಟೆಸ್ಟಿಂಗ್ ಹೆಡ್. ಎಲ್ರೂ ಚಿಲಕ ಅಂತಾರೆ. ನಾನು ತೆಗೆಯೋ ತನಕ ಇಲ್ಲಿಂದ ಏನೂ ಆಚೆ ಹೋಗಲ್ಲ."

ಅವಳ ಮುಖ ಕೆಂಪೇರಿತು. ಈ ಆಫೀಸಿನಲ್ಲಿ ದೀಪಕ್ಕಿಂತ ಮೊದಲು ಕೆಂಪಾದದ್ದು ನೀವೇ ಎಂದು ಅವನು ಆಮೇಲೆ ಬಹಳ ದಿನ ಕಾಡಿಸಿದ.

ಆಂಬುಲೆನ್ಸ್ ಕರೆಗಳ ಸಾಫ್ಟ್‌ವೇರ್ ಅಲ್ಲಿಯದು. ಯಾರಾದರೂ ಫೋನ್ ಮಾಡಿದರೆ ಹತ್ತಿರದ ಗಾಡಿಯನ್ನು ಹುಡುಕಿ ಕಳಿಸಬೇಕು. ಮೊದಲೆಲ್ಲ ತಿಂಗಳುಗಟ್ಟಲೆಯ ಬದಲಾವಣೆಗಳನ್ನು ಗಂಟು ಕಟ್ಟಿ ಒಂದೇ ಸಲ ಬಿಡುತ್ತಿದ್ದರು. ಆಮೇಲೆ ಗಂಟಿನಲ್ಲಿ ಕೊಳೆತದ್ದು ಯಾವುದು ಎಂದು ಹುಡುಕುತ್ತ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಅದನ್ನು ಬದಲಿಸಲೆಂದೇ ಅವಳನ್ನು ಕರೆಸಿದ್ದರು. ಇನ್ನು ಮುಂದೆ ಚಿಕ್ಕ ಬದಲಾವಣೆ, ದಿನಾ ಬಿಡುಗಡೆ. ಪ್ರತಿಯೊಂದನ್ನೂ ಕಂಪ್ಯೂಟರೇ ಪರೀಕ್ಷಿಸುತ್ತದೆ. ಎಲ್ಲ ಸರಿಯಿದ್ದರೆ ಗೋಡೆಯ ದೀಪ ಹಸಿರು. ಒಂದು ತಪ್ಪಿದರೂ ಕೆಂಪು. ಆಗ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನು ಸರಿಮಾಡಬೇಕು. ವಾರದೊಳಗೆ ಅವಳಿಗೆ 'ದಿನಗೂಲಿ ಮೇಡಂ' ಎಂದು ಹೆಸರು ಬಿತ್ತು.

ಕಂಪನಿಯ ಯಜಮಾನರು ಮಾತ್ರ ನಗಲಿಲ್ಲ. "ತಿಂಗಳ ಕೊನೆಗೆ ಬಂದು ನೋಡ್ತೀನಮ್ಮ. ಆ ದೀಪ ಹೀಗೇ ಕೆಂಪಾಗ್ತಾ ಇದ್ರೆ ನೀವು ಹೊರಡಬಹುದು."

ಕೆಂಪು ಮಾಡುತ್ತಿದ್ದುದು ಒಂದೇ ಒಂದು ಪರೀಕ್ಷೆ. ಒಂದೇ ಕ್ಷಣಕ್ಕೆ ಎರಡು ಕರೆ ಬಂದರೆ ಎರಡಕ್ಕೂ ಗಾಡಿ ಹೋಗುತ್ತದೆಯೇ ಎಂದು ನೋಡುವಂಥದ್ದು. ಒಮ್ಮೆ ತಪ್ಪುತ್ತಿತ್ತು, ಇನ್ನೊಮ್ಮೆ ಓಡಿಸಿದರೆ ಸರಿಹೋಗುತ್ತಿತ್ತು. ಕಾರಣ ಯಾರಿಗೂ ಸಿಗಲಿಲ್ಲ. ತಂಡದವರು ಅದಕ್ಕೆ 'ಅಳುಬುರುಕ' ಎಂದು ಹೆಸರಿಟ್ಟು, ಅತ್ತಾಗಲೆಲ್ಲ ಮತ್ತೆ ಓಡಿಸಿ ಸುಮ್ಮನಾಗುತ್ತಿದ್ದರು.

ಒಂದು ಸೋಮವಾರ ಅದು ಅಳು ನಿಲ್ಲಿಸಿತು.

"ಮಗು ಮಲಗ್ತು," ಎಂದ ಚಿಲಕ, ಅವಳ ಕಣ್ಣು ತಪ್ಪಿಸಿ. ನಾಚಿಕೆ ಎಂದುಕೊಂಡಳು ಅವಳು. ಅವನ ಕೈಯಲ್ಲಿ ಊಟದ ಡಬ್ಬಿಯಿತ್ತು.

"ಅಮ್ಮ ಕಳಿಸಿದ್ದು. ಆ ದಿನಗೂಲಿ ಹುಡುಗಿ ಹೊತ್ತಿಗೆ ಸರಿಯಾಗಿ ಉಣ್ತಾಳೋ ಇಲ್ವೋ ಅಂತ ಕೇಳ್ತಿದ್ರು."

"ಅಮ್ಮನಿಗೆ ನನ್ನ ವಿಷಯ ಯಾರು ಹೇಳಿದ್ದು?"

"ಗಾಳಿ ಸುದ್ದಿ."

"ನಿಮ್ಮನೆ ಗಾಳಿಗೆ ಬಾಯಿ ಜಾಸ್ತಿ."

ಅವನು ನಕ್ಕ. ಆ ನಗೆಯನ್ನು ಮತ್ತೆ ನೋಡಬೇಕೆಂದು ಅವಳು ಆ ಮಧ್ಯಾಹ್ನವಿಡೀ ನೆಪ ಹುಡುಕಿದಳು.

ಅಲ್ಲಿಂದಾಚೆ ದೀಪ ಹಸಿರಾಗಿಯೇ ಉಳಿಯಿತು. ದಿನಾ ಬಿಡುಗಡೆ, ದಿನಾ ಡಬ್ಬಿ, ಮೇಜಿನ ಆಚೆಯಿಂದ ದಿನಾ ಒಂದು ಕಳ್ಳನೋಟ. ಹಿಂದೆ ಕೆಲಸ ಮಾಡಿದ ಕಡೆಯಲ್ಲೆಲ್ಲ ಅವಳಿಗೊಂದು ರೂಢಿಯಿತ್ತು. ಶುಕ್ರವಾರ ಸಂಜೆ ಬೇಕಂತಲೇ ಒಂದು ತಪ್ಪು ಸೇರಿಸಿ, ದೀಪ ಕೆಂಪಾಗುತ್ತದೆಯೇ ಎಂದು ನೋಡುವುದು. ಕೆಂಪಾಗಲು ಬಾರದ ದೀಪದ ಹಸಿರನ್ನು ನಂಬಬಾರದು ಎಂದು ಎಲ್ಲರಿಗೂ ಪಾಠ ಹೇಳುವವಳು ಅವಳೇ. ಇಲ್ಲಿ ಮಾತ್ರ ಶುಕ್ರವಾರ ಸಂಜೆಯಾದರೆ ಅವನು ಚಹಾಕ್ಕೆ ಕರೆಯುತ್ತಿದ್ದ. ಅವಳು ಹೋಗುತ್ತಿದ್ದಳು.

"ಭಯ ಆಗುತ್ತೆ ಅಕ್ಕ," ಎಂದಳು ಫೋನಿನಲ್ಲಿ. "ಎಲ್ಲಾ ಇಷ್ಟು ಸರಿಯಾಗಿರೋದು ಸರಿಯಲ್ಲ."

"ಮೊಸರಲ್ಲಿ ಕಲ್ಲು ಹುಡುಕಬೇಡ ಕಣೆ. ಹುಡುಗ ಒಳ್ಳೆಯವನು ತಾನೆ?"

ಒಳ್ಳೆಯವನು. ಅದಕ್ಕೇ ಅವಳು ಹುಡುಕಲಿಲ್ಲ. ಆದರೆ ಆ ಹಸಿರು ಬೆಳಕು ಅವನ ಕೆನ್ನೆಯ ಮೇಲೆ ಬಿದ್ದಾಗಲೆಲ್ಲ ಅವಳು ನೋಟ ತಿರುಗಿಸುತ್ತಿದ್ದಳು.

ಯಜಮಾನರು ಬರುವ ಹಿಂದಿನ ದಿನ ಬೆಳಿಗ್ಗೆ ಅವಳು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು ಕೂತಳು. "ಒಂದ್ಸಲ ಮುರಿದು ನೋಡ್ಬಿಡ್ತೀನಿ. ಪರೀಕ್ಷೆಗಿಟ್ಟಿರೋ ಪ್ರತಿಯಲ್ಲಿ ಮಾತ್ರ. ಎರಡನೇ ಕರೇನ ಬಿಸಾಕೋ ಹಾಗೆ ಮಾಡ್ತೀನಿ. ಅಳುಬುರುಕ ಕಿರುಚಬೇಕು."

"ಒತ್ತಬೇಡ," ಎಂದ ಅವನು.

ಅವಳು ತಲೆಯೆತ್ತಿದಳು. ಅವನು ಅವಳಿಗೆ ಎಂದೂ ಏಕವಚನ ಬಳಸಿರಲಿಲ್ಲ. ಆ ಒಂದು ಮಾತಿಗಾಗಿ ತಿಂಗಳಿಡೀ ಕಾದಿದ್ದಳು. ಆದರೂ ಅವಳು ಒತ್ತಿದಳು.

ಎಲ್ಲರೂ ಗೋಡೆಯ ಕಡೆ ನೋಡಿದರು. ಹಸಿರು. ಹಸಿರಾಗಿಯೇ ಇತ್ತು.

"ಅಳುಬುರುಕನ ಬಾಯಿ ಮುಚ್ಚಿಸಿದ್ದು ನಾನೇ," ಎಂದ ಚಿಲಕ. "ಆ ಪರೀಕ್ಷೆ ಓಡದ ಹಾಗೆ ಮಾಡಿಟ್ಟೆ. ಸುಮ್ನೆ ಅಳುತ್ತೆ ಅಂದ್ಕೊಂಡೆ. ಅದು ಅಳ್ತಾ ಇದ್ರೆ ನೀನು ಹೋಗ್ಬೇಕಿತ್ತು."

"ಇಷ್ಟು ವರ್ಷ ಯಾರಿಗೂ ಚಿಲಕ ತೆಗೀದೋನು..."

"ನಿನಗೋಸ್ಕರ ತೆಗ್ದೆ. ಪ್ರೀತಿಸ್ತೀನಿ ಅಂತ ಹೇಳೋ ಧೈರ್ಯ ಇರ್ಲಿಲ್ಲ, ಇದನ್ನ ಮಾಡ್ದೆ."

ಅವಳಿಗೆ ಅವನ ಕೆನ್ನೆಗೆ ಹೊಡೆಯಬೇಕೆನಿಸಿತು, ಅವನನ್ನು ತಬ್ಬಿ ಅಳಬೇಕೆನಿಸಿತು. ಎರಡನ್ನೂ ಮಾಡದೆ ಆ ದಿನ ಬಂದ ಕರೆಗಳನ್ನು ತೆರೆದಳು. ಅರ್ಧ ಗಂಟೆಯ ಹಿಂದೆ ಒಂದೇ ಕ್ಷಣಕ್ಕೆ ಎರಡು ಕರೆ ಬಂದಿದ್ದವು. ಒಂದಕ್ಕೆ ಗಾಡಿ ಹೋಗಿತ್ತು. ಇನ್ನೊಂದಕ್ಕೆ ಹೋಗಿರಲಿಲ್ಲ. ಅಳುಬುರುಕ ಸುಮ್ಮನೆ ಅತ್ತಿರಲಿಲ್ಲ.

ಅವಳು ಆ ನಂಬರಿಗೆ ಫೋನ್ ಮಾಡಿದಳು. ರಿಂಗಾಯಿತು. ಬಹಳ ಹೊತ್ತು ರಿಂಗಾಯಿತು. ಅವನ ಬೆರಳು ಅವಳ ಬೆರಳನ್ನು ಹಿಡಿದುಕೊಂಡಿದ್ದು ಯಾವಾಗ ಎಂದು ಇಬ್ಬರಿಗೂ ತಿಳಿಯಲಿಲ್ಲ.

"ಎಲ್ಲಿದ್ದೀಯಮ್ಮಾ?" ವಯಸ್ಸಾದ ಹೆಂಗಸಿನ ದನಿ. "ಗಾಡಿ ಬರುತ್ತೆ ಅಂದ್ರಲ್ಲ, ಬಾಗಿಲು ತೆಗೆದಿಟ್ಕೊಂಡು ಕೂತಿದ್ದೀನಿ. ಆಗ ನಮ್ಮನೆಯವರು ಮಾತಾಡ್ತಿದ್ರು. ಈಗ ಮಾತಾಡ್ತಿಲ್ಲ."

ಅವನು ಬೆರಳು ಬಿಡಿಸಿಕೊಂಡು ಇನ್ನೊಂದು ಫೋನಿನ ಕಡೆ ಓಡಿದ. ಗಾಡಿಯವನಿಗೆ ತಾನೇ ಫೋನ್ ಮಾಡಿ ದಾರಿ ಹೇಳಿದ. ಅವನು ಬಾಯಿ ಮುಚ್ಚಿಸಿದ್ದ ಪರೀಕ್ಷೆಯನ್ನು ಅವಳು ಮತ್ತೆ ಹಚ್ಚಿದಳು. ಗೋಡೆ ಕೆಂಪಾಯಿತು. ಆ ದಿನವಿಡೀ ಬಂದ ಕರೆಗಳನ್ನೆಲ್ಲ ಮನುಷ್ಯರೇ ಕೂತು ಹಂಚಿದರು.

ಮರುದಿನ ಯಜಮಾನರು ಬಂದಾಗಲೂ ದೀಪ ಕೆಂಪಾಗಿತ್ತು.

"ಯಾರು ಮಾಡಿದ್ದು?"

"ಯಾರು ಅಂತ ಇಲ್ಲಿ ಕೇಳಲ್ಲ ಸಾರ್," ಎಂದಳು. "ಹೇಗಾಯ್ತು ಅಂತ ಕೇಳ್ತೀವಿ. ಶುಕ್ರವಾರದ ಪರೀಕ್ಷೆ ನಾನು ಬಿಟ್ಟಿದ್ದೆ, ಅದಕ್ಕೇ ಇಷ್ಟು ದಿನ ಗೊತ್ತಾಗ್ಲಿಲ್ಲ."

"ನಾನು ಮಾಡಿದ್ದು," ಎಂದು ಚಿಲಕ ಎದ್ದು ನಿಂತ.

ಯಜಮಾನರು ದೀಪವನ್ನೇ ನೋಡಿದರು. "ದೀಪ ಇರ್ಲಿ. ಸರಿಮಾಡೋಕೆ ಇವನೂ ಇರ್ಲಿ. ಆದ್ರೆ ಆಡಿದ ಮಾತು ಮಾತೇ ಕಣಮ್ಮ, ನೀವು..." ಅವರು ಬಾಗಿಲ ಕಡೆ ನೋಡಿದರು. ಅವನು ಯಾವುದನ್ನು ತಡೆಯಲು ಹೋಗಿದ್ದನೋ ಅದೇ ಆಯಿತು.

ಮೆಟ್ಟಿಲ ಕೆಳಗೆ ಅವನು ಖಾಲಿ ಡಬ್ಬಿ ಹಿಡಿದು ನಿಂತಿದ್ದ. "ಏನಾದ್ರೂ ಹೇಳು."

"ಪ್ರತಿ ಶುಕ್ರವಾರ ಮುರಿದು ನೋಡು. ಕೆಂಪಾಯ್ತು ಅಂತ ನನಗೆ ತಿಳಿಸು."

"ಬೇರೇನೂ ಹೇಳ್ಬಾರ್ದಾ?"

"ನಿಜ ಹೇಳೋದು ಕಲಿ ಮೊದಲು. ಆ ಇನ್ನೊಂದು ಮಾತನ್ನ ಆಮೇಲೆ ಕೇಳ್ತೀನಿ," ಎಂದಳು. ಅವಳೂ ಅವನನ್ನು ಪ್ರೀತಿಸುತ್ತಿದ್ದಳು. ಅದನ್ನು ಹೇಳದೆ ಬಸ್ಸು ಹತ್ತಿದಳು.

ಶುಕ್ರವಾರ ಸಂಜೆ, ಬೇರೊಂದು ಊರಿನ ಬಾಡಿಗೆ ಕೋಣೆಯಲ್ಲಿ, ಅವಳ ಫೋನ್ ಮಿನುಗಿತು.

"ಕೆಂಪಾಯ್ತು. ಆಸ್ಪತ್ರೆಗೆ ಹೋಗಿದ್ದೆ. ಆ ಅಜ್ಜ ಇನ್ನೂ ಕಣ್ಣು ಬಿಟ್ಟಿಲ್ಲ. ಅಜ್ಜಿಗೆ ನಾನು ಯಾರು ಅಂತ ಹೇಳಿದೆ."

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಬರೆದಳು: "ನಾಳೆ ಬರ್ತೀನಿ. ಅಜ್ಜಿಗೆ ನಾನೂ ಹೇಳ್ಬೇಕು."