ಕಪ್ಪು ಹಿಡಿಯದ ಜಾಗ

ನಮ್ಮ ವರ್ಕ್‌ಶಾಪಿನಲ್ಲಿ ಸ್ಟೀಲ್ ಬಿಡಿಭಾಗಗಳಿಗೆ ಕಪ್ಪು ಕೂರಿಸುತ್ತಿದ್ದವಳು ನನ್ನ ಅಕ್ಕ. ಅವಳು ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಸ್ಟೀಲನ್ನು ಚೆನ್ನಾಗಿ ತೊಳೆದು ಕುದಿಯುವ ಕಾಸ್ಟಿಕ್ ಉಪ್ಪುಗಳ ದ್ರಾವಣದ ತೊಟ್ಟಿಯಲ್ಲಿ ಅದ್ದಿದರೆ, ಎಷ್ಟು ಉಜ್ಜಿದರೂ ಹೋಗದ ಕಪ್ಪು ಹಿಡಿಯುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಮಾತ್ರ ಕೈಯ ಜಿಡ್ಡು ತಗುಲಿದ ಕಡೆ ಬೆಳ್ಳಗೇ ಉಳಿಯುತ್ತದೆ.

ಮೊದಲ ದಿನ ಮಧ್ಯಾಹ್ನ ಹೊರತೆಗೆದ ಕೊಳವೆಯ ಮೇಲೆ ಹೆಬ್ಬೆರಳಿನ ಗುರುತಿತ್ತು. ನಾನು ಗ್ಲೌಸ್ ಬಿಚ್ಚಿರಲೇ ಇಲ್ಲ. ನೀರು ಚಿಮುಕಿಸಿದರೆ ಉಳಿದ ಕಡೆಯೆಲ್ಲ ಚುಂಯ್ ಎಂದು ಆವಿಯಾಯಿತು. ಆ ಗುರುತಿನ ಮೇಲೆ ಮಾತ್ರ ಹನಿ ಹಾಗೇ ನಿಂತಿತು. ಉಜ್ಜಿ, ತೊಳೆದು ಮತ್ತೆ ಅದ್ದಿದೆ. ಗುರುತು ಮತ್ತೆ ಬಂತು.

ಪಾಲಿಶ್ ಮಾಡುತ್ತಿದ್ದ ನಮ್ಮ ಸೋದರಮಾವ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. "ನೀನು ತೊಟ್ಟಿ ಮುಟ್ಟೋದು ಅವಳಿಗೆ ಇಷ್ಟ ಇಲ್ಲ ಕಣೇ. ಬಿಟ್ಬಿಡು."

"ಬದುಕಿದ್ದಾಗ್ಲೂ ನನ್ನನ್ನ ಇದ್ರ ಹತ್ರ ಸುಳಿಯೋಕೆ ಬಿಡ್ತಿರ್ಲಿಲ್ಲ ಮಾವ. ಆಗ ಸುಮ್ನಿದ್ದೆ, ಈಗ ಇರಲ್ಲ," ಎಂದೆ. ತೊಟ್ಟಿಯ ಕಡೆ ತಿರುಗಿ ಜೋರಾಗಿ ಹೇಳಿದೆ: "ಕೈ ತೆಗಿ ಅಕ್ಕ. ಇನ್ಮೇಲೆ ಇದು ನನ್ನ ಕೆಲಸ."

ಕೊತಕೊತ ಕುದಿಯುತ್ತಿದ್ದ ತೊಟ್ಟಿಯ ಸದ್ದು ಒಮ್ಮೆಲೇ ನಿಂತು, ಮತ್ತೆ ಶುರುವಾಯಿತು.

ಮುಂದಿನ ಕೊಳವೆ ಕಾಡಿಗೆಯಂತೆ ಕಪ್ಪಾಗಿ ಬಂತು. ಮಾವ ಉಸಿರುಬಿಟ್ಟರು. ನನಗೇಕೋ ಸಮಾಧಾನವಾಗಲಿಲ್ಲ. ಅದನ್ನು ಗರಗಸದಿಂದ ಉದ್ದಕ್ಕೆ ಸೀಳಿದೆ. ಕಿರುಬೆರಳೂ ತೂರದ ಆ ಕೊಳವೆಯ ಒಳಮೈಯಲ್ಲಿ, ನಟ್ಟನಡುವೆ, ಅದೇ ಹೆಬ್ಬೆರಳು ಬೆಳ್ಳಗೆ ಒತ್ತಿತ್ತು.

ನಾನು ಇನ್ನೊಂದು ಕೊಳವೆ ಎತ್ತಿಕೊಂಡು ತೊಟ್ಟಿಗೆ ಇಳಿಸಿದೆ.