ಅಷ್ಟಮಿ ಬೆಳಗಿನ ಗೊರವ

ಬೀಗ ಮುರಿದಿರಲಿಲ್ಲ. ಬಾಗಿಲು ಮಾತ್ರ ಹಾರುಹೊಡೆದಿತ್ತು. ಕಬ್ಬಿಣದ ಟ್ರಂಕು ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಉಳಿದಿತ್ತು, ಅಷ್ಟೆ.

ದುರ್ಗಾಷ್ಟಮಿಯ ನಸುಕಿನಲ್ಲಿ ಉಮಾ ದೇವಸ್ಥಾನಕ್ಕೆ ಹೋಗಿದ್ದರು. ಬಿಸಿಲೇರುವ ಹೊತ್ತಿಗೆ ಮರಳಿ ಬಂದರೆ ಹೀಗೆ. ಕುಮಟಾ ಪೇಟೆಯ ಆ ಸ್ಟುಡಿಯೋ ಅವರ ಗಂಡ ಸುಧಾಕರರದು. ಅವರು ತೀರಿಕೊಂಡು ವರ್ಷವೂ ಆಗಿರಲಿಲ್ಲ. ಟ್ರಂಕಿನಲ್ಲಿದ್ದದ್ದು ಚಿನ್ನವಲ್ಲ, ನೆಗೆಟಿವ್‌ಗಳು. ಅಘನಾಶಿನಿ ಹೊಳೆಯ ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಸುಧಾಕರರು ಆಯುಷ್ಯವಿಡೀ ಹಿಡಿದ ಹಕ್ಕಿಗಳು. ಅವನ್ನೆಲ್ಲ ದೊಡ್ಡದಾಗಿ ಮುದ್ರಿಸಿ ಊರಿಗೆ ತೋರಿಸಬೇಕೆಂದು ಉಮಾ ಹೊರಟಿದ್ದರು.

"ಅವರದ್ದು ಅಂತ ಉಳಿದದ್ದು ಅದೊಂದೇ," ಎಂದರು.

ತನಿಖೆಗೆ ಬಂದಿದ್ದ ಪಿಎಸ್‌ಐ ಚಂದನಾ ಗೋಡೆಯ ಮೇಲಿನ ತಾವರೆ ಕೊಳದ ಪರದೆಯನ್ನು ನೋಡುತ್ತ ನಿಂತಳು. ಚಿಕ್ಕವಳಿದ್ದಾಗ ಭಟ್ಕಳದಲ್ಲಿ ಇಂಥದ್ದೇ ಪರದೆಯ ಮುಂದೆ ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು ಅವಳು. ಫೋಟೋದಲ್ಲಿ ಕಣ್ಣು ಮುಚ್ಚಿದಳೆಂದು ಅಜ್ಜಿ ಮನೆ ಮುಟ್ಟುವ ತನಕ ಬೈದಿದ್ದಳು.

* * *

ಬೀಗದ ಕೈ ಮೂರು. ಒಂದು ಉಮಾರ ಬಳಿ. ಇನ್ನೊಂದು ದಾಸನ ಬಳಿ. ಸುಧಾಕರರನ್ನು ದೋಣಿಯಲ್ಲಿ ಕೆಸರು ದಿಬ್ಬಕ್ಕೆ ಒಯ್ಯುತ್ತಿದ್ದ ಅವನೇ ಈಗ ಸ್ಟುಡಿಯೋ ಗುಡಿಸುತ್ತಿದ್ದ. ಮೂರನೆಯದು ಶಿಷ್ಯ ನರೇಶನದು. ಅವನೀಗ ಹಕ್ಕಿ ಚಿತ್ರಗಳಿಗೆ ಬಹುಮಾನ ಗಳಿಸಿ ಹೆಸರಾದವನು.

ಕಳವಿನ ಹೊತ್ತಿಗೆ ಎಲ್ಲಿದ್ದೆ ಎಂದು ದಾಸನನ್ನು ಕೇಳಿದಳು.

"ಅಷ್ಟಮಿ ದಿವ್ಸ ಬೆಳ್ಗಾಗೆ ದೋಣಿಗೆ ಎಂತಾ ಕೆಲ್ಸ ಮೇಡಂ? ಮನೇಲೇ ಮನಿಕಂಡಿದ್ದೆ."

"ಹಬ್ಬದ ರಜೆ ಹಾಕಿದ್ರಂತೆ, ದೊಡ್ಡ ಆಫೀಸರ್ರು," ಎಂದ ಕಾನ್‌ಸ್ಟೇಬಲ್ ದಿನಕರ. ಘಟ್ಟದ ಮೇಲಿನಿಂದ ವರ್ಗವಾಗಿ ಬಂದವನು. ಅವನ ಮಟ್ಟಿಗೆ ಕೇಸು ಮುಗಿದಿತ್ತು. ದಾಸ ಠಾಣೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತ. ಸಂಜೆಯೊಳಗೆ ಮೀನುಪೇಟೆಯಲ್ಲೆಲ್ಲ ಅವನು ಕಳ್ಳನಾಗಿದ್ದ.

ನರೇಶ ಮಾತ್ರ ಚಾ ತರಿಸಿ ಉಪಚರಿಸಿದ. ಕ್ಯಾಮೆರಾ ತೆರೆದು ತೋರಿಸಿದ. ಒಂದು ಗದ್ದೆಗೊರವ, ಕೆಸರಿನಲ್ಲಿ ಹುಳ ಹೆಕ್ಕುವ ಪುಟ್ಟ ಹಕ್ಕಿ. ಕೊಕ್ಕಿನ ತುದಿಯಲ್ಲಿ ನೀರಹನಿ, ಕಾಲಡಿ ಅದರದೇ ಪ್ರತಿಬಿಂಬ. ಮೂಲೆಯಲ್ಲಿ ದುರ್ಗಾಷ್ಟಮಿಯ ದಿನಾಂಕ, ಸೂರ್ಯ ಹುಟ್ಟುವ ಸಮಯ.

"ಹಿರೇಗುತ್ತಿ ದಿಬ್ಬದಲ್ಲಿದ್ದೆ ಮೇಡಂ. ನೀರಿನ ಅಂಚಿನಲ್ಲಿ ಹೊಟ್ಟೆಯೂರಿ ತೆಗೆದದ್ದು. ಕ್ಯಾಮೆರಾ ಕೆಸರಿಗೆ ತಾಗಿಯೇ ಇರಬೇಕು. ಆಗಲೇ ಹಕ್ಕಿ ನಮ್ಮನ್ನ ಸಮಸಮಕ್ಕೆ ನೋಡೋದು."

ಚಿತ್ರ ಚೆನ್ನಾಗಿತ್ತು. ಚಂದನಾ ಹಾಗೆಂದೇ ಹೇಳಿ ಬಂದಳು.

* * *

ದಾಸನ ಮಾತು ಮಾತ್ರ ಕಿವಿಯಲ್ಲೇ ಉಳಿದಿತ್ತು. ಅಂಥ ಮಾತನ್ನು ಎಲ್ಲಿ ಕೇಳಿದ್ದೆ?

ಅಜ್ಜಿ. ಹುಣ್ಣಿಮೆ, ಅಮಾವಾಸ್ಯೆ ಬಂದರೆ ನಸುಕಿಗೇ ಎಬ್ಬಿಸಿ ಬಳಚು ಚಿಪ್ಪುಮೀನು ಆರಿಸಲು ಹೊಳೆಗೆ ಎಳೆದೊಯ್ಯುತ್ತಿದ್ದ ಅಜ್ಜಿ. ತಣ್ಣನೆಯ ಕೆಸರು, ಬೆರಳಿಗೆ ಸಿಗುವ ಚಿಪ್ಪು, ಬುಟ್ಟಿಯ ಉಪ್ಪುವಾಸನೆ. ಕೆಲವು ದಿನ ಮಾತ್ರ ಹೊದಿಕೆಯನ್ನು ಮತ್ತೆ ಎಳೆದು ಹೊದೆಸುತ್ತಿದ್ದಳು. "ಮನಿಕೋ ಮಗಾ, ಇವತ್ತು ಅಷ್ಟಮಿ."

ಚಂದನಾ ಜೀಪು ತಿರುಗಿಸಿದಳು.

"ನರೇಶ್, ಅಮಾವಾಸ್ಯೆ ಬೆಳಿಗ್ಗೆ ಸಮುದ್ರದ ಜೊತೆ ಹೊಳೆನೂ ಇಳಿದಿರ್ತದೆ. ದಿನಾ ಸ್ವಲ್ಪ ಸ್ವಲ್ಪ ತಡವಾಗಿ ಇಳಿತಾ ಇಳಿತಾ, ಅಷ್ಟಮಿ ಹೊತ್ತಿಗೆ ಬೆಳಿಗ್ಗೆ ಹೊಳೆ ತುಂಬಿರ್ತದೆ. ಆ ದಿಬ್ಬದ ಮೇಲೆ ಸೊಂಟದ ತನಕ ನೀರು. ಕಟ್ಟೆ ಮೇಲೆ ನಿಂತು ತೆಗೆದೆ ಅಂದಿದ್ರೆ ನಂಬ್ತಿದ್ದೆ. ಮಲಗಿ ಹೇಗೆ ತೆಗೆದ್ರಿ?"

ಕ್ಯಾಮೆರಾದಲ್ಲಿ ಸಮಯ ಇದೆಯಲ್ಲ ಎಂದ. ದನಿ ಸಣ್ಣದಾಗಿತ್ತು.

"ಆ ಗಡಿಯಾರ ನೀವು ತಿರುಗಿಸಿದ ಹಾಗೆ ತಿರುಗ್ತದೆ. ಚಿತ್ರ ಅಮಾವಾಸ್ಯೆ ಆಸುಪಾಸಿನದು. ಪೊಲೀಸರು ತಾರೀಖು ನೋಡ್ತಾರೆ, ನೀರು ನೋಡೋದಿಲ್ಲ ಅಂದ್ಕೊಂಡ್ರಿ."

ಉಳಿದದ್ದನ್ನು ಅವನೇ ಹೇಳಿದ. ಬಹುಮಾನ ತಂದ ಚಿತ್ರಗಳಲ್ಲಿ ಅರ್ಧ ಗುರುಗಳವು. ಅವರ ಕಾಯಿಲೆಯ ದಿನಗಳಲ್ಲಿ ಪ್ರತಿ ಮಾಡಿಕೊಂಡದ್ದು. ಉಮಾ ನೆಗೆಟಿವ್ ಮುದ್ರಿಸಿದರೆ ಊರಿಗೆಲ್ಲ ತಿಳಿಯುತ್ತಿತ್ತು.

ಟ್ರಂಕು ಅವನ ಮಂಚದಡಿಯೇ ಇತ್ತು. "ಸುಡೋಣ ಅಂತಲೇ ತಂದೆ. ಒಂದೊಂದೇ ಬೆಳಕಿಗೆ ಹಿಡಿದು ನೋಡ್ತಾ ಕೂತೆ. ಕೈ ಬರಲಿಲ್ಲ."

* * *

ಟ್ರಂಕು ಮನೆಗೆ ಬಂದ ದಿನ ಉಮಾ ಅದನ್ನು ತೆರೆಯಲಿಲ್ಲ. ದಾಸನನ್ನು ಕರೆಸಿದರು.

"ದಾಸಣ್ಣ, ಕೆಸರಿನ ಅಂಗಿ ತೊಳೆದು ತೊಳೆದು ಅವರಿಗೆ ಬೈದದ್ದೇ ಆತು. ಅವರು ಮಲಗ್ತಿದ್ದ ಜಾಗ ಒಮ್ಮೆನೂ ನೋಡ್ಲಿಲ್ಲ."

"ಹುಣ್ಣಿಮೆ ಬರ್ಲಿ ಅಮ್ಮಾ," ಎಂದ ದಾಸ.

ಹುಣ್ಣಿಮೆಯ ಬೆಳಿಗ್ಗೆ ಹೊಳೆ ಇಳಿದಿತ್ತು. ಚಂದನಾ ಕೈಹಿಡಿದು ಇಳಿಸಿದಳು. ಉಮಾ ಸೆರಗು ಬಿಗಿದು, ನೀರಿನ ಅಂಚಿನಲ್ಲಿ ಗಲ್ಲ ಕೆಸರಿಗೆ ತಾಗುವಂತೆ ಮಲಗಿದರು. ಬಹಳ ಹೊತ್ತಿನ ಮೇಲೆ ಒಂದು ಗೊರವ ಬಾಲ ಕುಣಿಸುತ್ತ ಬಂತು. ನಿಂತಿತು. ಅವರನ್ನು ಸಮಸಮಕ್ಕೆ ನೋಡಿತು.

ದೋಣಿಯಲ್ಲಿ ಕೂತಿದ್ದ ದಾಸ, ಸುಧಾಕರರ ಕಾಲದ ಹಾಗೆಯೇ, ಹಕ್ಕಿ ಹಾರೀತೆಂದು ಕೆಮ್ಮು ತಡೆದುಕೊಂಡ.